ಧರ್ಮ, ಮತ, ರಿಲಿಜನ್, ಮಜಹಬ್ – ಎಲ್ಲಾ ಒಂದೇನಾ?



ಕನ್ನಡದ ಅರ್ಜಿಯಲ್ಲಿ ‘ಧರ್ಮ’ ಅಂತ ಒಂದು ಕಾಲಂ ಇರುತ್ತದೆ. ಇಂಗ್ಲಿಷಿನಲ್ಲಾದರೆ ಅದು ‘ರಿಲಿಜನ್’, ಉರ್ದುವಿನಲ್ಲಾದರೆ ‘ಮಜಹಬ್’. ನಾವು ಒಂದು ಪದ ತುಂಬಿ ಮುಂದಕ್ಕೆ ಹೋಗುತ್ತೇವೆ. ಆದರೆ ಈ ಮೂರಕ್ಕೂ ಅರ್ಥ ಒಂದೇನಾ? ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಧರ್ಮ

ಇದು ಸಂಸ್ಕೃತ ಪದ. ಬೇರು ‘ಧೃ’, ಅಂದರೆ ಹೊರು, ಬೀಳದಂತೆ ಹಿಡಿದು ನಿಲ್ಲಿಸು. ಧರಣಿ, ಧಾರಣೆ ಕೂಡ ಅದೇ ಬೇರಿನವು. ನಮ್ಮ ಊರಿನಲ್ಲಿ ಈ ಪದ ಎಷ್ಟು ತರಹ ಬಳಕೆಯಾಗುತ್ತೆ ನೋಡಿ. ಬಿಟ್ಟಿ ಸಿಕ್ಕಿದ್ದು ‘ಧರ್ಮಕ್ಕೆ ಸಿಕ್ತು’. ಭಿಕ್ಷೆ ಬೇಡುವವರು ‘ಧರ್ಮ ಮಾಡಿ ತಾಯಿ’ ಅಂತಾರೆ. ದಾರಿಹೋಕರು ತಂಗಲು ಧರ್ಮಛತ್ರ. ಕಳ್ಳ ಸಿಕ್ಕಿಬಿದ್ದರೆ ಧರ್ಮದೇಟು! ವಿಜ್ಞಾನದ ಪಾಠದಲ್ಲಿ ಲೋಹಗಳ ಗುಣಧರ್ಮ. ಅಜ್ಜಿ ಜಗಳ ಬಿಡಿಸುವಾಗ ‘ಹಿಂಗೆ ಮಾಡೋದು ಧರ್ಮ ಅಲ್ಲ ಕಣಪ್ಪ’ ಅಂತಾಳೆ.

ಈ ಜಾಗಗಳಲ್ಲಿ ‘ರಿಲಿಜನ್’ ಹಾಕಿ ನೋಡಿ. ‘ಕಬ್ಬಿಣದ ರಿಲಿಜನ್’ ಅಂದರೆ ಮೇಷ್ಟ್ರೇ ನಕ್ಕುಬಿಡುತ್ತಾರೆ. ಅಜ್ಜಿ ಕೇಳುತ್ತಿರುವುದು ನೀನು ಯಾವ ದೇವರಿಗೆ ಕೈಮುಗಿಯುತ್ತೀಯ ಅಂತಲ್ಲ, ನೀನು ನಡೆದುಕೊಂಡದ್ದು ನ್ಯಾಯವೇ ಅಂತ.

2. ಮತ

‘ಮನ್’ ಅಂದರೆ ಯೋಚಿಸು. ಯೋಚಿಸಿ ಒಪ್ಪಿಕೊಂಡದ್ದು ಮತ. ಅದಕ್ಕೇ ಚುನಾವಣೆಯಲ್ಲಿ ಹಾಕುವುದೂ ಮತ, ಅದ್ವೈತ ದ್ವೈತಗಳೂ ಮತ. ಬಹುಮತ, ಸಮ್ಮತ, ಮತಾಂತರ ಎಲ್ಲವೂ ಒಂದೇ ಮನೆಯ ಪದಗಳು. ‘ರಿಲಿಜನ್’ಗೆ ಧರ್ಮಕ್ಕಿಂತ ಮತವೇ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

3. ರಿಲಿಜನ್

ಇಂಗ್ಲಿಷಿಗೆ ಇದು ಲ್ಯಾಟಿನ್ನಿನ ‘ರಿಲಿಜಿಯೋ’ ಪದದಿಂದ ಬಂತು. ಇದರ ಮೂಲದ ಬಗ್ಗೆ ಹಿಂದಿನಿಂದಲೂ ಎರಡು ವಾದ. ರೋಮಿನ ಸಿಸೆರೋ ‘ಮತ್ತೆ ಮತ್ತೆ ಓದು, ಮನನ ಮಾಡು’ ಎಂಬ ಕ್ರಿಯಾಪದದಿಂದ ಬಂದದ್ದು ಅಂದ. ಆಮೇಲೆ ಬಂದ ಕ್ರೈಸ್ತ ಪಂಡಿತ ಲ್ಯಾಕ್ಟಾಂಟಿಯಸ್ ‘ಕಟ್ಟು, ಬಿಗಿ’ ಎಂಬುದರಿಂದ ಬಂದದ್ದು ಅಂದ, ಅಂದರೆ ಮನುಷ್ಯನನ್ನು ದೇವರಿಗೆ ಕಟ್ಟುವುದು. ‘ಹಾಲಿಡೇ’ ಅಂದರೆ ಪವಿತ್ರ ದಿನ. ನಾವು ಅದನ್ನು ಬರೀ ರಜೆ ಮಾಡಿಕೊಂಡಿದ್ದೇವೆ!

4. ಮಜಹಬ್, ದೀನ್

ಇವು ಅರಬ್ಬಿಯಿಂದ ಉರ್ದುವಿಗೆ ಬಂದವು. ಮಜಹಬ್ ಪದದ ಬೇರಿಗೆ ‘ಹೋಗು’ ಎಂದು ಅರ್ಥ. ಹಾಗಾಗಿ ಮಜಹಬ್ ಅಂದರೆ ಹೋಗುವ ದಾರಿ. ಅರಬ್ಬಿಯಲ್ಲಿ ಹನಫಿ, ಶಾಫಿ ಮುಂತಾದ ಶಾಸ್ತ್ರಪದ್ಧತಿಗಳಿಗೆ ಈ ಹೆಸರು. ಉರ್ದುವಿನಲ್ಲಿ ಯಾವ ಮತಕ್ಕಾದರೂ ಮಜಹಬ್ ಅನ್ನುತ್ತಾರೆ. ‘ದೀನ್’ ಇನ್ನೂ ಅಗಲವಾದ ಪದ. ನಂಬಿಕೆ, ಬಾಳುವ ರೀತಿ, ದೇವರ ಮುಂದೆ ಲೆಕ್ಕ ಒಪ್ಪಿಸುವ ಹೊಣೆ ಎಲ್ಲಾ ಅದರಲ್ಲಿದೆ. ನಮ್ಮ ‘ದೀನ’, ಅಂದರೆ ಬಡವ, ಬೇರೆ ಪದ. ಗೊಂದಲ ಬೇಡ. ‘ಈಮಾನ್’ ಅಂದರೆ ವಿಶ್ವಾಸ. ಅದು ಇಲ್ಲದವನು ಬೇಇಮಾನ್. ಇಲ್ಲೂ ನೋಡಿ, ನಂಬಿಕೆಯ ಪದವೇ ನಡತೆಯ ಪದವಾಯಿತು. ‘ಅಬ್ದ್’ ಅಂದರೆ ಸೇವಕ. ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿ ಇರುವುದು ಆ ಪದವೇ. ಪುರಂದರದಾಸರ ಹೆಸರಿನ ‘ದಾಸ’ನೂ ಅದೇ ಅರ್ಥ.

5. ಮೈಸೂರಿನಲ್ಲಿ ಬೆರೆತ ಪದಗಳು

ನಾವು ಮೈಸೂರಿಗೆ ಹೋದಾಗ ಬೋರ್ಡುಗಳನ್ನು ಓದಿದರೆ ಸಾಕು, ಅರ್ಧ ಪಾಠ ಆಗುತ್ತದೆ. ‘ಮೊಹಲ್ಲಾ’ ಉರ್ದು ಪದ, ಬಡಾವಣೆ ಅಂತ. ಆದರೆ ದೇವರಾಜ ಮೊಹಲ್ಲಾ, ಕೃಷ್ಣರಾಜ ಮೊಹಲ್ಲಾ ಅಂತ ಒಡೆಯರ ಹೆಸರಿನ ಜೊತೆ ಕೂತಿದೆ. ಲಷ್ಕರ್ ಅಂದರೆ ಸೈನ್ಯ. ಸಂಸ್ಥಾನದ ಕಾಲದಿಂದ ದೇವಸ್ಥಾನಗಳನ್ನು ನೋಡಿಕೊಂಡ ಇಲಾಖೆಗೆ ಜನ ಇವತ್ತಿಗೂ ಹೇಳುವ ‘ಮುಜರಾಯಿ’ ಎಂಬ ಹೆಸರು ಪಾರ್ಸಿ ಆಡಳಿತ ಭಾಷೆಯದು! ಮುಸ್ಲಿಮರು ಉಳಿತಾಯದಲ್ಲಿ ನಲವತ್ತರಲ್ಲಿ ಒಂದು ಪಾಲನ್ನು ಬಡವರಿಗೆ ಕೊಡುವುದು ‘ಜಕಾತ್’. ಅದೇ ಪದ ಕನ್ನಡದಲ್ಲಿ ‘ಜಕಾತಿ’ ಆಗಿ ಸುಂಕದ ಕಟ್ಟೆಗೆ ಬಂತು.

ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ‘ಚರ್ಚ್’ ಗ್ರೀಕ್ ಮೂಲದ್ದು, ಒಡೆಯನಿಗೆ ಸೇರಿದ್ದು ಅಂತ ಅರ್ಥ. ಮಸೀದಿ ಅಂದರೆ ತಲೆಬಾಗುವ ಜಾಗ. ದೇಗುಲ ಅಂದರೆ ದೇವರ ಮನೆ.

6. ಇದನ್ನೆಲ್ಲ ಯಾಕೆ ತಿಳಿಯಬೇಕು?

ಟೀ ಅಂಗಡಿ ಹತ್ತಿರ ನಾನು ಇಂಥ ಮಾತು ಕೇಳಿದ್ದೇನೆ. ಒಬ್ಬರು ‘ಸರ್ಕಾರಕ್ಕೆ ಧರ್ಮ ಇರಬಾರದು’ ಅಂತಾರೆ. ಇನ್ನೊಬ್ಬರು ‘ಧರ್ಮ ಇಲ್ಲದೆ ಸರ್ಕಾರ ನಡೆಯುತ್ತಾ?’ ಅಂತ ರೇಗುತ್ತಾರೆ. ದನಿ ಏರುತ್ತದೆ. ಆದರೆ ಇಬ್ಬರ ಮಾತೂ ಸರಿಯೇ! ಮೊದಲನೆಯವರ ಧರ್ಮ ಅಂದರೆ ಮತ. ಎರಡನೆಯವರ ಧರ್ಮ ಅಂದರೆ ನ್ಯಾಯ.

1976ರಲ್ಲಿ 42ನೇ ತಿದ್ದುಪಡಿಯಿಂದ ನಮ್ಮ ಸಂವಿಧಾನದ ಪ್ರಸ್ತಾವನೆಗೆ ‘ಸೆಕ್ಯುಲರ್’ ಪದ ಸೇರಿತು. ಕನ್ನಡದಲ್ಲಿ ಇದಕ್ಕೆ ‘ಧರ್ಮನಿರಪೇಕ್ಷ’ ಅಂದರೆ ಅಜ್ಜಿಯ ಕಿವಿಗೆ ‘ನ್ಯಾಯ ಬೇಡ’ ಅಂದ ಹಾಗೆ ಕೇಳುತ್ತದೆ. ‘ಜಾತ್ಯತೀತ’ ಅಂದರೆ ಜಾತಿಯನ್ನು ಮೀರಿದ್ದು, ಅದರಲ್ಲಿ ಮತದ ಮಾತೇ ಇಲ್ಲ. ‘ಸರ್ವಧರ್ಮ ಸಮಭಾವ’ ಎಂದೂ ಹೇಳುತ್ತಾರೆ. ಹಿಂದಿಯಲ್ಲಿ ‘ಪಂಥನಿರಪೇಕ್ಷ’ ಅಂತ ಬರೆದಿದ್ದಾರೆ. ಪದ ಯಾವುದಾದರೂ ಇರಲಿ, ಹೇಳಬೇಕಾದದ್ದು ಇಷ್ಟೇ: ಸರ್ಕಾರ ಯಾವ ಮತದ ಪಕ್ಷವನ್ನೂ ವಹಿಸಬಾರದು, ಎಲ್ಲರನ್ನೂ ಒಂದೇ ನ್ಯಾಯದಿಂದ ನೋಡಬೇಕು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಸಮಾನ ಎಂದು 25ನೇ ವಿಧಿ ಹೇಳುತ್ತದೆ.

ನಮ್ಮ ತರಗತಿಯಲ್ಲಿ ಮನೆಯಲ್ಲಿ ಉರ್ದು ಮಾತಾಡುವವರಿದ್ದಾರೆ, ಕನ್ನಡ ಮಾತಾಡುವವರಿದ್ದಾರೆ. ಇನ್ನು ಮೇಲೆ ‘ನಿನ್ನ ಧರ್ಮ’, ‘ನನ್ನ ಧರ್ಮ’ ಅಂತ ಮಾತು ಬಂದರೆ, ಕೋಪ ಮಾಡಿಕೊಳ್ಳುವ ಮೊದಲು ‘ನೀನು ಹೇಳ್ತಿರೋದು ಯಾವ ಅರ್ಥದಲ್ಲಿ?’ ಅಂತ ಕೇಳೋಣ. ಅರ್ಜಿಯ ಕಾಲಂ ಒಂದು ಪದದಲ್ಲಿ ತುಂಬುತ್ತದೆ. ಅಜ್ಜಿ ಹೇಳುವ ಧರ್ಮವನ್ನು ದಿನಾ ನಡೆದು ತುಂಬಬೇಕು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಓದುಗರಿಗೆ ಕೆಲಸ: ಹಬ್ಬ, ವ್ರತ, ಉಪವಾಸ – ಇವಕ್ಕೆ ಇಂಗ್ಲಿಷಿನಲ್ಲಿ, ಉರ್ದುವಿನಲ್ಲಿ ಏನಂತಾರೆ? ತಿಳಿದವರನ್ನು ಕೇಳಿ, ಮುಂದಿನ ಸಂಚಿಕೆಗೆ ಬರೆದುಕೊಡಿ.