ಕಾರು ಏಕೆ ನಡುಗಿತು?

ಮಕ್ಕಳೇ, ನೀವೆಲ್ಲರೂ ಬುಗುರಿ ಆಡಿದ್ದೀರಿ. ಒಳ್ಳೆಯ ಬುಗುರಿಯು ನಿಂತಲ್ಲೇ ನಿದ್ದೆಹೋದಂತೆ ತಿರುಗುತ್ತದೆ. ಒಂದು ಪಕ್ಕದಲ್ಲಿ ಚೂರು ಕಿತ್ತುಹೋದ ಬುಗುರಿಯಾದರೋ ಅಂಗೈಯ ಮೇಲೆ ಕುಣಿದಾಡುತ್ತದೆ. ಈ ಪಾಠದಲ್ಲಿ ಅಂತಹದೇ ಒಂದು ನಡುಕದ ಕಾರಣವನ್ನು ಹುಡುಕೋಣ. ಆದರೆ ಇದು ಬುಗುರಿಯ ನಡುಕವಲ್ಲ, ಕಾರಿನ ನಡುಕ.

2019ರಲ್ಲಿ ನಮ್ಮ ಮನೆಯಲ್ಲಿ ಒಂದು ಹಳೆಯ ಕಾರು ಇತ್ತು. ಅದು ತಿಂಗಳಲ್ಲಿ ಇಪ್ಪತ್ತು ದಿನ ಬೇವಿನ ಮರದ ಕೆಳಗೇ ನಿಂತಿರುತ್ತಿತ್ತು. ಒಂದು ದಿನ ನಮ್ಮ ತಾಯಿಯವರ ಕಣ್ಣು ತೋರಿಸಲು ಮಡಕಶಿರದಿಂದ ಅನಂತಪುರಕ್ಕೆ ಹೊರಟೆವು. ಮಡಕಶಿರವು ಆಗ ಅನಂತಪುರ ಜಿಲ್ಲೆಯಲ್ಲಿಯೇ ಇತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಪೆನುಕೊಂಡದವರೆಗೆ ನಿಧಾನವಾಗಿ ಹೋದೆವು. ಕಾರು ಸುಮ್ಮನಿತ್ತು. ಪೆನುಕೊಂಡದ ಬಳಿ ಬೆಂಗಳೂರು–ಹೈದರಾಬಾದ್ ಹೆದ್ದಾರಿಯನ್ನು ಸೇರಿದೆವು. ಮೊದಲು ಈ ಹೆದ್ದಾರಿಯ ಸಂಖ್ಯೆ 7 ಆಗಿತ್ತು, ಈಗ 44. ರಸ್ತೆ ಅಗಲವಾಗಿತ್ತು. ವೇಗವು ಗಂಟೆಗೆ 80 ಕಿಲೋಮೀಟರಿಗೆ ಬಂದಿತು.

ಆಗ ನೋಡಿರಿ, ನನ್ನ ಕೈಯಲ್ಲಿದ್ದ ಸ್ಟೇರಿಂಗ್ ಗಡಗಡ ನಡುಗತೊಡಗಿತು! ಗಾಜಿನ ಕೆಳಗೆ ಇಟ್ಟಿದ್ದ ತಾಯಿಯವರ ಎಲೆಯಡಿಕೆ ಡಬ್ಬಿಯು ಕಟಕಟ ಸದ್ದು ಮಾಡಿತು. ವೇಗವನ್ನು 60ಕ್ಕೆ ಇಳಿಸಿದೆ. ಡಬ್ಬಿ ಸುಮ್ಮನಾಯಿತು. ಮತ್ತೆ 80 ಆದೊಡನೆ ಮತ್ತೆ ಕಟಕಟ!

"ಯಾಕಪ್ಪಾ, ಗಾಡಿಗೆ ಚಳಿಜ್ವರ ಬಂದಂಗೈತಲ್ಲ?" ಎಂದರು ತಾಯಿ.

ಈ ಜ್ವರ ಬಂದು ಎರಡು ತಿಂಗಳಾಗಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿಯೂ ಇದ್ದೆ. "ಹಳೇ ಗಾಡಿ ಸಾರ್, ನಡುಗೋದು ಇದ್ದದ್ದೇ" ಎಂದು ಹೇಳಿ, ಆದರೂ ಎರಡು ಭಾಗಗಳನ್ನು ಬದಲಾಯಿಸಿ ಹಣ ಪಡೆದಿದ್ದರು. ನಡುಕ ಹೋಗಲಿಲ್ಲ. ಹಳೆಯದು ಎಂಬುದು ಒಂದು ಕಾರಣವೇ? ಅಜ್ಜನ ಕೈ ನಡುಗಿದರೆ ಒಳ್ಳೆಯ ವೈದ್ಯರು "ವಯಸ್ಸಾಯಿತು" ಎಂದು ಎದ್ದುಹೋಗುವುದಿಲ್ಲ. ಕೂತು ನಾಲ್ಕು ಪ್ರಶ್ನೆ ಕೇಳುತ್ತಾರೆ.

ಕಣ್ಣಿನ ಆಸ್ಪತ್ರೆಯ ಕೆಲಸ ಮುಗಿಸಿ ಅಂದೇ ಸಂಜೆ ಕಲ್ಯಾಣದುರ್ಗದ ದಾರಿಯಾಗಿ ರಾಯದುರ್ಗದಲ್ಲಿರುವ ನನ್ನ ತಂಗಿಯ ಮನೆಗೆ ಹೋದೆವು. ಆ ರಸ್ತೆಯಲ್ಲಿ 60 ದಾಟಲಿಲ್ಲ, ಡಬ್ಬಿಯೂ ಮಾತನಾಡಲಿಲ್ಲ. ತಂಗಿಯ ಮನೆಯ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್‌ರ ಶೆಡ್ಡು ಇದೆ. ಬೆಳಿಗ್ಗೆ ಕಾರನ್ನು ಅಲ್ಲಿಗೆ ಒಯ್ದೆ. ಐದನೆಯ ತರಗತಿಯಲ್ಲಿ ಓದುತ್ತಿದ್ದ ತಂಗಿಯ ಮಗಳೂ ನನ್ನ ಹಿಂದೆಯೇ ಬಂದಳು.

ಅವರು ಪಾನಾ ಹಿಡಿಯಲಿಲ್ಲ. ಮೊದಲು ಬಾಯಿಯಿಂದಲೇ ಕೆಲಸ ಆರಂಭಿಸಿದರು.

"ಮೇಷ್ಟ್ರೇ, ನಿಂತಲ್ಲೇ ಎಂಜಿನ್ ಜೋರು ಮಾಡಿದ್ರೆ ನಡುಗ್ತದಾ?"

"ಇಲ್ಲ."

"ಹಂಗಾದ್ರೆ ಎಂಜಿನ್ ಬಿಡ್ರಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗ್ತದೋ, ಒತ್ತದಿದ್ರೂ ನಡುಗ್ತದೋ?"

"ಒತ್ತದಿದ್ದರೂ ನಡುಗುತ್ತದೆ."

"ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ್ರೆ?"

"ಆಗಲೂ ಹಾಗೆಯೇ."

"ಕೈಗೆ ಗೊತ್ತಾಗ್ತದೋ, ಕೂತ ಸೀಟಿಗೆ ಗೊತ್ತಾಗ್ತದೋ?"

"ಕೈಗೆ."

"ಮುಂದಿನ ಗಾಲಿ ಬಿಚ್ಚೋಣ" ಎಂದರು.

ಈ ಪ್ರಶ್ನೆಗಳು ಏಕೆ ಎಂದು ಯೋಚಿಸಿರಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ತಟ್ಟೆ ಸಮವಾಗಿಲ್ಲದಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿದರೆ, ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ಯುವ ಸಲಾಕೆಯ ಕೀಲು ಸವೆದಿರಬಹುದು. ನಡುಕವು ಸೀಟಿನಲ್ಲಿ ತಿಳಿದರೆ ಹಿಂದಿನ ಗಾಲಿಗಳನ್ನು, ಸ್ಟೇರಿಂಗ್‌ನಲ್ಲಿ ತಿಳಿದರೆ ಮುಂದಿನ ಗಾಲಿಗಳನ್ನು ಮೊದಲು ನೋಡಬೇಕು. ಯಾವಾಗಲೂ ಹೀಗೆಯೇ ಎಂದಲ್ಲ. ಆದರೆ ಹುಡುಕುವುದನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ. ಒಂದು ರೂಪಾಯಿಯೂ ಖರ್ಚಾಗುವುದಿಲ್ಲ!

ಎಡಗಾಲಿ ಬಿಚ್ಚಿದರು. ರಿಮ್ಮಿನ ಒಳಬದಿಗೆ ಕೆರೆಯ ಏರಿಯ ಕೆಸರು ಮೆತ್ತಿ ಒಣಗಿ ಗಟ್ಟಿಯಾಗಿತ್ತು, ಅದೂ ಒಂದೇ ಪಕ್ಕದಲ್ಲಿ. ಅವರು ಅದನ್ನು ಕೆರೆದು ತೆಗೆದರು. "ಇಷ್ಟೇ ಮಣ್ಣಿಗೆ ಕಾರು ನಡುಗುತ್ತದಾ ಮಾವ?" ಎಂದಳು ಹುಡುಗಿ.

ಲೆಕ್ಕ ಹಾಕಿ ನೋಡೋಣ. 80 ಕಿಲೋಮೀಟರ್ ಎಂದರೆ 80,000 ಮೀಟರ್. ಒಂದು ಗಂಟೆಗೆ 3,600 ಸೆಕೆಂಡುಗಳು. ಆದುದರಿಂದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಚಿಕ್ಕ ಕಾರಿನ ಗಾಲಿಯು ಒಂದು ಸುತ್ತು ಉರುಳಿದರೆ ಸುಮಾರು 1.8 ಮೀಟರ್ ದೂರ ಹೋಗುತ್ತದೆ. ಅಂದರೆ ಗಾಲಿಯು ಒಂದು ಸೆಕೆಂಡಿಗೆ 12 ಸುತ್ತು ತಿರುಗುತ್ತದೆ! ಭಾರವಾದ ಪಕ್ಕವು ಪ್ರತಿ ಸುತ್ತಿಗೂ ಗಾಲಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಕವಣೆಯನ್ನು ಬೀಸುವಾಗ ಕಲ್ಲು ನಿಮ್ಮ ಕೈಯನ್ನು ಎಳೆಯುವುದಿಲ್ಲವೇ, ಹಾಗೆ. ವೇಗವು ಎರಡರಷ್ಟಾದರೆ ಈ ಎಳೆತವು ನಾಲ್ಕರಷ್ಟಾಗುತ್ತದೆ. ರಿಮ್ಮಿನ ಅಂಚಿಗೆ ಅಂಟಿದ ಬರೀ 30 ಗ್ರಾಂ ಮಣ್ಣು, 40ರ ವೇಗದಲ್ಲಿ ಮುಕ್ಕಾಲು ಕಿಲೋ ತೂಕದಷ್ಟು ಎಳೆದರೆ 80ರ ವೇಗದಲ್ಲಿ ಸುಮಾರು ಮೂರು ಕಿಲೋ ತೂಕದಷ್ಟು ಎಳೆಯುತ್ತದೆ. ಅದೂ ಸೆಕೆಂಡಿಗೆ 12 ಸಲ.

ಇನ್ನೊಂದು ಸೋಜಿಗವಿದೆ. ಕೆಲವು ಕಾರುಗಳು 80ರಲ್ಲಿ ನಡುಗಿ, 100ರಲ್ಲಿ ಕೊಂಚ ಸುಮ್ಮನಾಗುತ್ತವೆ. ಜೋಕಾಲಿಯನ್ನು ನೆನೆಸಿಕೊಳ್ಳಿರಿ. ಅದು ಹಿಂದೆ ಬಂದ ಹೊತ್ತಿಗೆ ಸರಿಯಾಗಿ ನೂಕಿದರೆ ಸಣ್ಣ ಕೈಯ ನೂಕಿಗೂ ಮೇಲಕ್ಕೆ ಏರುತ್ತದೆ. ತಾಳ ತಪ್ಪಿ ನೂಕಿದರೆ ಏರುವುದಿಲ್ಲ. ಕಾರಿನ ಸ್ಪ್ರಿಂಗು, ಸ್ಟೇರಿಂಗ್‌ಗಳಿಗೂ ತಮ್ಮದೇ ಆದ ತಾಳವಿರುತ್ತದೆ. ಗಾಲಿಯ ಸುತ್ತು ಆ ತಾಳಕ್ಕೆ ಹೊಂದಿದ ವೇಗದಲ್ಲಿ ನಡುಕವು ಹೆಚ್ಚು. ಕಾರು ಸುಮ್ಮನಾಯಿತೆಂದು ಇನ್ನೂ ಜೋರಾಗಿ ಓಡಿಸುವವರನ್ನು ನಾನು ಕಂಡಿದ್ದೇನೆ. ಗಾಲಿಯ ದೋಷ ಅಲ್ಲಿಯೇ ಇರುತ್ತದೆ, ಎಳೆತವೂ ಹೆಚ್ಚುತ್ತಲೇ ಇರುತ್ತದೆ.

ಕೆಸರು ಸಿಕ್ಕಿತೆಂದು ನನಗೆ ಸಂತೋಷವಾಯಿತು. ಆದರೆ ಮೆಕ್ಯಾನಿಕ್ ಅಷ್ಟಕ್ಕೇ ಬಿಡಲಿಲ್ಲ. ಬಲಗಡೆ ಜಾಕ್ ಕೊಟ್ಟು ಗಾಲಿಯನ್ನು ನೆಲದಿಂದ ಮೇಲಕ್ಕೆ ಎತ್ತಿದರು. "ಮೇಷ್ಟ್ರೇ, ಜೇಬಿನಾಗೆ ಸೀಮೆಸುಣ್ಣ ಇದ್ದೇ ಇರ್ತದಲ್ಲ, ಕೊಡ್ರಿ" ಎಂದರು. ಇತ್ತು! ಎರಡು ಇಟ್ಟಿಗೆಗಳ ಮೇಲೆ ಸೀಮೆಸುಣ್ಣವನ್ನು ಅಲುಗದಂತೆ ಇಟ್ಟು, ಟೈರಿಗೆ ತಾಗೀತೋ ತಾಗದೋ ಎಂಬಷ್ಟು ಹತ್ತಿರಕ್ಕೆ ಸರಿಸಿದರು. ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಟೈರು ಸರಿಯಾಗಿ ದುಂಡಗಿದ್ದರೆ ಸುತ್ತಲೂ ಬಿಳಿಯ ಗೆರೆ ಬೀಳಬೇಕು, ಇಲ್ಲವೇ ಎಲ್ಲಿಯೂ ಬೀಳಬಾರದು. ಇಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಗೆರೆ ಬಿದ್ದಿತು.

"ಅಲ್ಲಿ ಉಬ್ಬಿದೆ ಮಾವ!" ಎಂದು ಹುಡುಗಿ ಕೂಗಿದಳು.

ನನ್ನ ಕಣ್ಣಿಗೆ ಆ ಟೈರು ಹೊಸದರಂತೆಯೇ ಕಾಣುತ್ತಿತ್ತು. ಆದರೆ ಟೈರು ಎಂದರೆ ಬರೀ ರಬ್ಬರ್ ಅಲ್ಲ. ಒಳಗೆ ಗಟ್ಟಿ ನೂಲಿನ, ಉಕ್ಕಿನ ತಂತಿಯ ಪದರಗಳಿರುತ್ತವೆ. ಪದರ ಬಿಟ್ಟುಕೊಂಡ ಕಡೆ ಟೈರು ಉಬ್ಬುತ್ತದೆ. ಉಬ್ಬಿದ ಟೈರು ಓಡುವ ಕಾರಿನಲ್ಲಿ ಇದ್ದಕ್ಕಿದ್ದಂತೆ ಸಿಡಿಯಬಹುದು.

ಮೆಕ್ಯಾನಿಕ್ ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿಗಳನ್ನು ಹುಡುಗಿಯಿಂದ ಓದಿಸಿದರು: 1108. ಮೊದಲೆರಡು ಅಂಕಿಗಳು ವಾರ, ಕೊನೆಯೆರಡು ವರ್ಷ. ಅಂದರೆ 2008ರ ಹನ್ನೊಂದನೆಯ ವಾರದಲ್ಲಿ ಆದ ಟೈರು! ಹೆಚ್ಚು ಓಡದಿದ್ದುದರಿಂದ ಸವೆದಿರಲಿಲ್ಲ, ಅಷ್ಟೆ. ಬಿಸಿಲಿಗೆ, ಗಾಳಿಗೆ ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ.

ಎಲೆಯಡಿಕೆ ಡಬ್ಬಿ ಎರಡು ತಿಂಗಳಿನಿಂದ ಅದನ್ನೇ ಹೇಳುತ್ತಿತ್ತು. ಅದೇ ಗಾಲಿಯ ಮೇಲೆ ನಾನು ತಾಯಿಯವರನ್ನು 80ರ ವೇಗದಲ್ಲಿ ಕರೆದೊಯ್ದಿದ್ದೆ. ಅಂದು ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ಮುಂದಿನ ಎರಡು ಟೈರುಗಳನ್ನೂ ಬದಲಾಯಿಸಿದೆವು. ಗಾಲಿಗಳನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿದೆವು. ಆ ಯಂತ್ರವು ಗಾಲಿಯನ್ನು ತಿರುಗಿಸಿ, ಯಾವ ಪಕ್ಕ ಎಷ್ಟು ಗ್ರಾಂ ಹಗುರ ಎಂದು ತೋರಿಸುತ್ತದೆ. ಅಲ್ಲಿ ರಿಮ್ಮಿಗೆ ಅಷ್ಟೇ ತೂಕದ ಲೋಹದ ಚಿಕ್ಕ ತುಂಡನ್ನು ಕೂರಿಸುತ್ತಾರೆ. ಮರುದಿನ ಹೆದ್ದಾರಿಯಲ್ಲಿ 80 ಆದಾಗ ನನ್ನ ಕಣ್ಣು ಡಬ್ಬಿಯ ಮೇಲೆಯೇ ಇತ್ತು. "ರಸ್ತೆ ನೋಡಿ ಓಡಿಸಪ್ಪಾ" ಎಂದರು ತಾಯಿ.

ಪದಗಳ ಅರ್ಥ
ಪಾನಾ – ನಟ್ಟು ಬಿಚ್ಚುವ ಸಾಧನ
ಏರಿ – ಕೆರೆಯ ಕಟ್ಟೆ
ಸೋಜಿಗ – ಆಶ್ಚರ್ಯ
ಗೇಣು – ಚಾಚಿದ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಅಳತೆ

ಅಭ್ಯಾಸ
ಅ. ಉತ್ತರಿಸಿರಿ.
1. ಪೆನುಕೊಂಡದವರೆಗೆ ಕಾರು ಏಕೆ ನಡುಗಲಿಲ್ಲ?
2. ಮೆಕ್ಯಾನಿಕ್ ಮುಂದಿನ ಗಾಲಿಗಳನ್ನೇ ಮೊದಲು ನೋಡಲು ಕಾರಣವೇನು?
3. ಕೆಸರು ತೆಗೆದ ಮೇಲೆ ಹುಡುಕುವುದನ್ನು ನಿಲ್ಲಿಸಿದ್ದರೆ ಏನಾಗುತ್ತಿತ್ತು?
4. ಒಂದು ಟೈರಿನ ಮೇಲೆ 3521 ಎಂದಿದೆ. ಅದು ಯಾವಾಗ ತಯಾರಾಯಿತು?

ಆ. ಮಾಡಿ ನೋಡಿರಿ.
ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿರಿ. ಹಿಂದಿನ ಗಾಲಿಯ ಕಡ್ಡಿಗೆ, ರಿಮ್ಮಿನ ಹತ್ತಿರ, ಒಂದು ನಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿರಿ. ಪಕ್ಕದಲ್ಲಿ ನಿಂತು ಪೆಡಲನ್ನು ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ತಿರುಗಿಸಿರಿ. ಕಡ್ಡಿಗಳ ನಡುವೆ ಬೆರಳು ಹಾಕಬೇಡಿರಿ. ಸೈಕಲ್ ಯಾವಾಗ ಅಲುಗಾಡಿತು? ಕಂಡುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.