ಹಣಜಿ ಕೀಳುವ ಅವಸರ

ಮಾರಾಯಾ, ನಿನ್ನ ಮೊಬೈಲಿನ ಸ್ಟೇಟಸ್ ನೋಡಿದೆ. ಮೊನ್ನೆ ಹಾವಿನ ಚಿತ್ರ, ಕೆಳಗೆ 'ಸೈತಾನ'. ನಿನ್ನೆ ಪಾರಿವಾಳ, ಕೆಳಗೆ 'ಪವಿತ್ರಾತ್ಮ'. ಕಂಡದ್ದರಲ್ಲೆಲ್ಲ ದೇವರ ಮಾತು ಹುಡುಕುವ ಬುದ್ಧಿ ನಿನಗೆ ಬಂತಲ್ಲ, ಖುಷಿಯೇ. ನಿನ್ನ ಪ್ರಾಯದಲ್ಲಿ ನಾನು ಪೂಜೆಯ ಹೊತ್ತಿಗೆ ಇಗರ್ಜಿಯ ಹಿಂದಿನ ಗೇರುಮರದ ಮೇಲೆ ಇರುತ್ತಿದ್ದೆ. ಆದರೆ ನಿನಗೆ ಅವಸರ ಜಾಸ್ತಿ. ಅದೇ ಹಾವನ್ನು ಮೋಶೆ ಕಂಚಿನಲ್ಲಿ ಮಾಡಿ ಕಂಬಕ್ಕೆ ಏರಿಸಿದ. ಹಾವು ಕಚ್ಚಿದವರು ಅದನ್ನು ನೋಡಿ ಬದುಕಿಕೊಂಡರು. ಯೇಸುಸ್ವಾಮಿ ತಾನು ಶಿಲುಬೆಗೇರುವುದನ್ನು ಹೋಲಿಸಿದ್ದೂ ಆ ಹಾವಿಗೇ. ಈಗ ಕೆಳಗೆ ಏನು ಬರೆಯುತ್ತಿ?

ಮೊನ್ನೆ ಊಟಕ್ಕೆ ಕೂತಾಗ ಊರಿನ ಒಬ್ಬನ ಸುದ್ದಿ ಬಂತು. 'ಅವ ಹಣಜಿ ಅಜ್ಜಾ' ಎಂದುಬಿಟ್ಟೆ ನೀನು. ಮತ್ತಾಯನ 13ನೇ ಅಧ್ಯಾಯದ ಹಣಜಿಯ ಕಥೆ ಓದಿದ್ದಿ, ಸರಿ. ಹಣಜಿ ನೋಡಿದ್ದೀಯಾ? ನಾನೂ ನೋಡಿಲ್ಲ, ಅದು ಗೋದಿಯ ಸೀಮೆಯ ಕಳೆ. ತೆನೆ ಬರುವವರೆಗೆ ಗೋದಿಯಂತೆಯೇ ಇರುತ್ತದಂತೆ. ಆದರೆ ಭತ್ತದ ಗದ್ದೆಯಲ್ಲಿ ಅದರ ತಮ್ಮನಂಥ ಹುಲ್ಲೊಂದು ಉಂಟು. ಅದರಿಂದ ನಾನು ಪೆಟ್ಟು ತಿಂದವ.

ಹತ್ತು ವರ್ಷದವನಿದ್ದೆ. ಆಟಿಯ ಮಳೆ, ಮೊಣಕಾಲವರೆಗೆ ಕೆಸರು. ಕಳೆ ಕೀಳಲು ಇಳಿಸಿದರು. ಎಲ್ಲರಿಗಿಂತ ಮೊದಲು ನನ್ನ ಸಾಲು ಮುಗಿಯಿತು, ಎದೆ ಉಬ್ಬಿಸಿ ನಿಂತೆ. ಅಪ್ಪ ನನ್ನ ಕೈಯ ಕಟ್ಟು ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಭತ್ತ. ಒಂದು ಏಟು ಬಿತ್ತು. ಆಮೇಲೆ ಒಂದೊಂದೇ ಸಸಿಯನ್ನು ಮತ್ತೆ ಕೆಸರಿಗೆ ಊರುತ್ತಾ ಹೇಳಿಕೊಟ್ಟರು: ಎಲೆ ದಂಟಿಗೆ ಸೇರುವಲ್ಲಿ ಬಗ್ಗಿ ನೋಡು, ಭತ್ತಕ್ಕೆ ಬಿಳಿ ನಾಲಗೆಯಂಥ ಪೊರೆ ಉಂಟು, ಬದಿಯಲ್ಲಿ ಕಿವಿಯಂತೆ ಸಣ್ಣ ಕೂದಲು. ಆ ಹುಲ್ಲಿಗೆ ಅವೆರಡೂ ಇಲ್ಲ. ನಿಂತಲ್ಲಿಂದ ಕಾಣುವುದಿಲ್ಲ ಮಗಾ, ಬೆನ್ನು ಬಗ್ಗಿಸಬೇಕು.

ನೀನು ಕೇಳಬಹುದು: 'ಅಜ್ಜಾ, ನೀವು ಕಳೆ ಕೀಳುತ್ತಿದ್ದಿರಿ, ಯೇಸುವಿನ ಕಥೆಯ ಯಜಮಾನ ಕೀಳಬೇಡಿ ಎನ್ನುತ್ತಾನಲ್ಲ?' ಒಳ್ಳೆಯ ಪ್ರಶ್ನೆ. ನನಗೂ ಬಹಳ ವರ್ಷ ಕಾಡಿತು. ಹುಲ್ಲು ಹುಲ್ಲೇ, ಕಿತ್ತು ಬದುವಿಗೆ ಬಿಸಾಡು. ಮನುಷ್ಯ ಹಾಗಲ್ಲ. ಕಥೆಯ ಅರ್ಥ ಹೇಳುವಾಗ ಯೇಸು ಹೊಲವೆಂದರೆ ಲೋಕ ಎಂದ, ಕೊಯ್ಯುವವರು ದೇವದೂತರು ಎಂದ. ಕೊಯ್ಲಿನ ಕತ್ತಿ ನನ್ನ ಕೈಗಾಗಲಿ ನಿನ್ನ ಕೈಗಾಗಲಿ ಕೊಡಲೇ ಇಲ್ಲ.

ನಾನು ಕತ್ತಿ ಎತ್ತಿದ್ದೆ, ಅದನ್ನೂ ಕೇಳು. ಹಂಚು ಸರಿಮಾಡುವ ಒಬ್ಬನಿದ್ದ. ಸಂಜೆಯಾದರೆ ಕಳ್ಳಿನಂಗಡಿ. ಇಗರ್ಜಿಯ ಸಭೆಯಲ್ಲಿ ಎದ್ದು ನಿಂತು, ಅವನಿಗೆ ಕೆಲಸ ಕೊಡಬಾರದು ಎಂದವ ನಾನೇ. ಎಲ್ಲರೂ ತಲೆಯಾಡಿಸಿದರು. ಅದೇ ಮನುಷ್ಯ ಆ ವರ್ಷ ಮಳೆಗೆ ಮೊದಲು ಗಂಡ ಸತ್ತ ಹೆಂಗಸೊಬ್ಬಳ ಮಾಡು ಸೋರದ ಹಾಗೆ ಮಾಡಿಕೊಟ್ಟ, ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ನನಗೆ ಗೊತ್ತಾಗುವಾಗ ಅವ ಊರು ಬಿಟ್ಟಾಗಿತ್ತು. ಅವ ಕುಡಿಯುತ್ತಿದ್ದದ್ದು ಸುಳ್ಳಲ್ಲ, ಹೆಂಡತಿ ಅತ್ತದ್ದೂ ಸುಳ್ಳಲ್ಲ. ಒಂದೇ ಬುಡದಲ್ಲಿ ಎರಡೂ ಇತ್ತು.

ಅದು ಗೊತ್ತಾದ ರಾತ್ರಿ ಅಡುಗೆಮನೆಯಲ್ಲಿ ನಿನ್ನ ಅಜ್ಜಿ ಹಬ್ಬದ ಸನ್ನಕ್ಕೆ ಅರೆದ ಅಕ್ಕಿಹಿಟ್ಟಿಗೆ ಕಳ್ಳು ಬೆರೆಸುತ್ತಿದ್ದಳು. ಬೆಳಿಗ್ಗೆ ಮುಚ್ಚಳ ಎತ್ತಿದರೆ ಹಿಟ್ಟು ಪಾತ್ರೆಯ ಬಾಯಿವರೆಗೆ ಬಂದಿತ್ತು. ಅವನ ಮನೆ ಮುಳುಗಿಸಿದ್ದೂ ಕಳ್ಳೇ, ನನ್ನ ಬಟ್ಟಲಿನ ಸನ್ನ ಉಬ್ಬಿಸಿದ್ದೂ ಕಳ್ಳೇ. ಯೇಸುಸ್ವಾಮಿಯೂ ದೇವರ ರಾಜ್ಯವನ್ನು ಹುಳಿಹಿಟ್ಟಿಗೆ ಹೋಲಿಸಿದ, ಫರಿಸಾಯರ ಬೋಧನೆಯನ್ನೂ ಅದೇ ಹುಳಿಹಿಟ್ಟಿಗೆ ಹೋಲಿಸಿದ. ನಾನು ನಾಲ್ಕು ಸನ್ನ ತಿನ್ನುವವ, ಅಂದು ಒಂದೂ ಇಳಿಯಲಿಲ್ಲ.

ನೀನು ನೋಡುವುದನ್ನು ಬಿಡಬೇಡ. ಹುಳಿ ಬಂದ ಹಿಟ್ಟು, ಗದ್ದೆಯ ಹುಲ್ಲು, ಎಲ್ಲವನ್ನೂ ನೋಡು. ಕೆಳಗೆ ಹೆಸರು ಬರೆಯುವುದನ್ನು ಸ್ವಲ್ಪ ತಡ ಮಾಡು, ಅಷ್ಟೇ.

ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಎರಡು ದಿನ ಮೊದಲೇ ಬಾ. ಇಗರ್ಜಿಗೆ ಕೊಂಡುಹೋಗುವ ತೆನೆಯನ್ನು ಈ ಸಲ ನೀನೇ ಗದ್ದೆಗಿಳಿದು ಕೊಯ್ಯಬೇಕು. ಭತ್ತದ್ದೇ ತರುತ್ತೀಯೋ ಹುಲ್ಲಿನದ್ದು ತರುತ್ತೀಯೋ, ನಾನು ಬದುವಿನಲ್ಲಿ ಕೂತು ನೋಡುತ್ತೇನೆ.