ಹಾವಿನ ಪಾಠ ಹೇಳಿದ ಹುಡುಗರು

ನಮ್ಮದು ಆರು ಎಕರೆ ಮಳೆಯಾಶ್ರಯದ ಹೊಲ. ಕಡಲೆಕಾಯಿ, ಅದರ ಸಾಲಿನಲ್ಲಿ ತೊಗರಿ, ಒಂದಿಷ್ಟು ರಾಗಿ. ಕಲ್ಲುಬದುಗಳು ಜಾಸ್ತಿ, ಹಾಗಾಗಿ ಇಲಿಯೂ ಜಾಸ್ತಿ, ಹಾವೂ ಜಾಸ್ತಿ. ಕಂಡ ಹಾವನ್ನೆಲ್ಲ ಹೊಡೆದು ಹಾಕೋದು ನಮ್ಮ ಮನೆಯ ಪದ್ಧತಿ. ನಾಗರಕ್ಕೆ ಮಾತ್ರ ಕೈಮುಗಿದು ಬಿಡ್ತಿದ್ದೆವು. ನಾನೂ ಎಷ್ಟೋ ಕೇರೆ ಹಾವು ಹೊಡೆದಿದ್ದೇನೆ, ಸುಳ್ಳು ಹೇಳೋದಿಲ್ಲ.

ಅದಕ್ಕೆ ಕಾರಣವೂ ಇತ್ತು. 1989ರಲ್ಲಿ ಕಡಲೆಕಾಯಿ ಕೀಳುವಾಗ ನಮ್ಮಪ್ಪನಿಗೆ ಕೊಳಕು ಮಂಡಲ ಕಚ್ಚಿತು. ಬಳ್ಳಿ ಸಮೇತ ಕೈಗೆ ಬಂದಿತ್ತು. ಮೊಣಕೈ ಮೇಲೆ ಹಗ್ಗದಿಂದ ಬಿಗಿದು, ಬ್ಲೇಡಿನಿಂದ ಗೀರಿ, ಮಂತ್ರ ಹಾಕುವವರ ಹತ್ತಿರ ಕರಕೊಂಡು ಹೋದೆವು. ಒಂದೂವರೆ ದಿನ ಅಲ್ಲೇ ಕಳೆಯಿತು. ವಸಡಿನಲ್ಲಿ ರಕ್ತ ಬಂತು, ಆಮೇಲೆ ಮೂತ್ರ ನಿಂತಿತು. ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಕೈ ಕಪ್ಪಾಗಿತ್ತು. ನಾಲ್ಕನೇ ದಿನ ಅಪ್ಪ ಹೋದರು. ಹಗ್ಗ ಬಿಗಿದವನು ನಾನೇ.

2019ರಲ್ಲಿ ಪಕ್ಕದ ಊರಿನ ಒಬ್ಬ ಹುಡುಗ, ಡಿಗ್ರಿ ಓದುತ್ತಿದ್ದವನು, ನಮ್ಮ ಶಾಲೆಗೆ ಬಂದು ಹಾವಿನ ಪಾಠ ಮಾಡ್ತೀನಿ ಅಂದ. ಬುಟ್ಟಿಯಲ್ಲಿ ಹಾವು ತರ್ತಾನೇನೋ ಅಂತ ಅರ್ಧ ಊರು ಸೇರಿತ್ತು. ಅವನು ತಂದದ್ದು ಚಿತ್ರಪಟಗಳನ್ನು. ಹಾವು ಹಿಡಿದಿಟ್ಟುಕೊಳ್ಳೋದು, ಆಡಿಸೋದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಅಂತ ಮೊದಲೇ ಹೇಳಿಬಿಟ್ಟ. ಜನಕ್ಕೆ ನಿರಾಸೆ ಆಯ್ತು, ಅರ್ಧ ಜನ ಎದ್ದು ಹೋದರು. ನಾನು ಕೂತೆ.

ನಿನಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಕೇಳಿದ್ದಕ್ಕೆ ರಾಮುಲಸ್ ವಿಟೇಕರ್ ಅನ್ನುವವರ ಕಥೆ ಹೇಳಿದ. ಅಮೆರಿಕದಲ್ಲಿ 1943ರಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಹಾವು ಹಿಡಿದು ಮನೆಗೆ ತಂದರೂ ತಾಯಿ ಗದರಲಿಲ್ಲವಂತೆ. ಆ ತಾಯಿ ಮರುಮದುವೆಯಾದದ್ದು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗನನ್ನು. ಹಾಗಾಗಿ 1951ರಲ್ಲಿ ಹುಡುಗ ಭಾರತಕ್ಕೆ ಬಂದ. ಕೊಡೈಕೆನಾಲ್ ಶಾಲೆಯ ಹಾಸ್ಟೆಲಿನಲ್ಲಿ ಹೆಬ್ಬಾವು ಸಾಕಿದ್ದ! ಆಮೇಲೆ ಅಮೆರಿಕಕ್ಕೆ ಹೋಗಿ, ಕಾಲೇಜು ಬಿಟ್ಟು, ಮಯಾಮಿಯಲ್ಲಿ ಬಿಲ್ ಹಾಸ್ಟ್ ಎಂಬುವರ ಹತ್ತಿರ ಹಾವಿನ ವಿಷ ತೆಗೆಯುವ ಜಾಗದಲ್ಲಿ ಕೆಲಸ ಕಲಿತ. ವಾಪಸು ಬಂದು ಮದ್ರಾಸಿನ ಹತ್ತಿರ ಹಾವಿನ ಉದ್ಯಾನ ಶುರು ಮಾಡಿದ. ಅದು 1972ರಲ್ಲಿ ಗಿಂಡಿಗೆ ಬಂತು. ದುಡ್ಡು ಕೊಟ್ಟು ಬಂದ ಸಾಮಾನ್ಯ ಜನಕ್ಕೆ ಯಾವುದು ವಿಷದ್ದು, ಯಾವುದು ಅಲ್ಲ ಅಂತ ಹಾವು ತೋರಿಸಿಯೇ ಹೇಳಿಕೊಡೋದು ಅಲ್ಲಿಯ ಕೆಲಸ.

ನನಗೆ ಹಿಡಿಸಿದ್ದು ಮುಂದಿನ ಮಾತು. ಇರುಳಿಗರು ಅಂತ ತಮಿಳುನಾಡಿನಲ್ಲಿ ಹಾವು ಹಿಡಿಯೋ ಜನ. ಚರ್ಮಕ್ಕಾಗಿ ಹಾವು ಹಿಡಿದು ಬದುಕ್ತಿದ್ದರು. ಕಾನೂನು ಬಂದು ಆ ಕಸುಬು ನಿಂತಾಗ ಊಟಕ್ಕೇ ತತ್ವಾರ. ವಿಟೇಕರ್ ಸೇರಿಕೊಂಡು 1978ರಲ್ಲಿ ಅವರದೇ ಸಹಕಾರಿ ಸಂಘ ಕಟ್ಟಿದರು. ಹಾವು ಹಿಡಿದು ಕೆಲವು ವಾರ ಮಡಕೆಯಲ್ಲಿಟ್ಟು, ವಿಷ ತೆಗೆದು, ಮತ್ತೆ ಬಯಲಿಗೆ ಬಿಡ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಿಂದ ಪ್ರತಿವಿಷ ಮಾಡ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ಬಾಟಲಿಯ ಮೂಲ ಇಂಥ ಬಡವರ ಕೈಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ವಿಟೇಕರ್ ನಮ್ಮ ಆಗುಂಬೆಯಲ್ಲೂ 2005ರಲ್ಲಿ ಕಾಳಿಂಗದ ಅಧ್ಯಯನಕ್ಕೆ ಕೇಂದ್ರ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು.

ಇನ್ನು ನಮ್ಮ ಹೊಲಕ್ಕೆ ಬೇಕಾದ ಮಾತು. ಆ ಬಾಟಲಿ ನಾಲ್ಕು ಹಾವಿನ ವಿಷಕ್ಕೆ: ನಾಗರ, ಕಟ್ಟುಹಾವು (ಕೆಲವು ಕಡೆ ಕಡಂಬಳ ಅಂತಾರೆ), ಕೊಳಕು ಮಂಡಲ, ಗರಗಸ ಮಂಡಲ. ಕೊಳಕು ಮಂಡಲ ದಪ್ಪ, ಬೆನ್ನ ಮೇಲೆ ಸರಪಳಿಯಂಥ ಮಚ್ಚೆ, ಕುಕ್ಕರ್ ಹಾಗೆ ಬುಸ್ ಅನ್ನುತ್ತೆ. ಗರಗಸ ಮಂಡಲ ಮೊಳದುದ್ದದ್ದು, ನಮ್ಮ ಕಲ್ಲುಬದುಗಳಲ್ಲೇ ಇರೋದು, ಮೈಯನ್ನು ಮೈಗೆ ಉಜ್ಜಿ ಗರಗರ ಸದ್ದು ಮಾಡುತ್ತೆ. ಇವೆರಡು ಕಚ್ಚಿದರೆ ಉರಿ, ಬಾವು, ರಕ್ತ ಹೆಪ್ಪುಗಟ್ಟೋದಿಲ್ಲ. ಡಾಕ್ಟರು ಒಣ ಗಾಜಿನ ನಳಿಗೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಬಗ್ಗಿಸಿ ನೋಡ್ತಾರೆ. ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಲೆಕ್ಕ. ಕೇರೆ ಹಾವಿಗೆ ವಿಷವೇ ಇಲ್ಲ. ಎರಡು ಹೆಣೆದುಕೊಂಡಿದ್ದರೆ ಕೇರೆಯೂ ನಾಗರವೂ ಜೋಡಿಯಾಗಿವೆ ಅಂತೀವಲ್ಲ, ಅವು ಎರಡು ಗಂಡು ಕೇರೆಗಳು, ಕುಸ್ತಿ ಆಡ್ತಿರ್ತವೆ. ಇದನ್ನು ಕೇಳಿ ನಮ್ಮ ಊರಿನ ಹಿರಿಯರೊಬ್ಬರು ಹುಡುಗನ ಮೇಲೆ ಸಿಟ್ಟಾದರು.

ಕಟ್ಟುಹಾವಿನದು ಬೇರೆ ಥರ. ರಾತ್ರಿ ತಿರುಗೋದು, ನೆಲದ ಮೇಲೆ ಮಲಗಿದವರಿಗೆ ಕಚ್ಚೋದು. ಬಾವಿಲ್ಲ, ಉರಿಯಿಲ್ಲ, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣುರೆಪ್ಪೆ ಜೋಲು ಬೀಳೋದು, ನಾಲಿಗೆ ತೊದಲೋದು. ನೆಲದಲ್ಲಿ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆ ಕೆಳಗೆ ಸಿಗಿಸಿದರೆ ಅದು ಒಳಗೆ ಬರಲಾರದು.

2022ರ ಆಗಸ್ಟಿನಲ್ಲಿ ನನ್ನ ತಮ್ಮನ ಮಗಳು, ಎಂಟು ವರ್ಷದವಳು, ರಾತ್ರಿ ಮೂರು ಗಂಟೆಗೆ ಹೊಟ್ಟೆನೋವು ಅಂತ ಎದ್ದಳು. ಓಮದ ಕಾಳು ಕೊಟ್ಟರು. ದೀಪದ ಬೆಳಕಿನಲ್ಲಿ ನೋಡ್ತೀನಿ, ರೆಪ್ಪೆ ಎತ್ತಲು ಆಗ್ತಿಲ್ಲ. ಹುಡುಗನ ಪಾಠ ನೆನಪಾಯಿತು. ಕಟ್ಟಲಿಲ್ಲ, ಕುಯ್ಯಲಿಲ್ಲ. ನಡೆಸದೆ ಎತ್ತಿಕೊಂಡೇ ಹೋಗಿ ಜೀಪಿಗೆ ಹಾಕಿದೆವು, ವಾಂತಿ ನೆತ್ತಿಗೇರದ ಹಾಗೆ ಒಂದು ಮಗ್ಗುಲಿಗೆ ಮಲಗಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಬಾಟಲಿ ಪ್ರತಿವಿಷ ಏರಿಸಿದರು. ಇಷ್ಟು ಸಣ್ಣ ಮಗುವಿಗೆ ಅಷ್ಟೊಂದೇ ಅಂತ ನಾನು ಜಗಳಕ್ಕೆ ಹೋದೆ. ಹಾವು ಮಗು ಅಂತ ವಿಷ ಕಡಿಮೆ ಬಿಡುತ್ತೇನ್ರೀ, ಮಕ್ಕಳಿಗೂ ದೊಡ್ಡವರಿಗೂ ಒಂದೇ ಲೆಕ್ಕ ಅಂದರು ಡಾಕ್ಟರು. ಉಸಿರು ಸೋತಿತು ಅಂತ ಕೈಚೀಲದಿಂದ ಗಾಳಿ ಒತ್ತುತ್ತಾ ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಮೂರು ದಿನ ಮೆಷಿನ್ನಿನಲ್ಲಿದ್ದಳು. ಈಗ ಶಾಲೆಗೆ ಹೋಗ್ತಾಳೆ. ಮನೆಗೆ ಬಂದ ಮೇಲೆ ಹುಡುಕಿದರೆ ರಾಗಿ ಚೀಲದ ಹಿಂದೆ ಸುತ್ತಿಕೊಂಡಿತ್ತು ಹಾವು, ಕಪ್ಪು ಮೈಗೆ ಬಿಳಿ ಗೆರೆ. ತಮ್ಮ ಕೋಲು ಎತ್ತಿದ. ನಾನು ಹುಡುಗನಿಗೆ ಫೋನ್ ಮಾಡಿದೆ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರು ಅಂತ 2020ರಲ್ಲಿ ಲೆಕ್ಕ ಹಾಕಿದ್ದಾರೆ. ಬಹುಪಾಲು ಹಳ್ಳಿಯವರೇ. 2024ರಲ್ಲಿ ಕರ್ನಾಟಕ ಸರ್ಕಾರ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು ಅಂತ ಮಾಡಿದೆ.

ನಾನೀಗ ಕಡಲೆಕಾಯಿ ಕೀಳುವ ಮುಂಚೆ ಉದ್ದ ಕೋಲಿನಿಂದ ಸಾಲು ತಟ್ಟಿಸ್ತೀನಿ, ಕೂಲಿಯವರಿಗೆ ದಪ್ಪ ಚೀಲದ ಕೈಗವಸು ಹೊಲಿಸಿದ್ದೀನಿ. ರಾತ್ರಿ ಬ್ಯಾಟರಿ ಇಲ್ಲದೆ ಹೊಲಕ್ಕೆ ಹೋಗೋದಿಲ್ಲ. ಕೇರೆ ಹಾವುಗಳು ಬದುವಿನಲ್ಲಿ ಎರಡಿವೆ, ಅವುಗಳ ಪಾಡಿಗೆ ಬಿಟ್ಟಿದ್ದೀನಿ. ಇಲಿ ಬಿಲ ಅಗೆದರೆ ಮೊದಲಿನಷ್ಟು ಕಾಯಿ ಸಿಗ್ತಿಲ್ಲ. ಪೂರ್ತಿ ಹಾವಿನಿಂದಲೇ ಅಂತ ಹೇಳಲಾರೆ, ಮಳೆಯೂ ಹಾಗೇ ಇದೆ. ಜೀಪಿನವನ ನಂಬರು ಮಾತ್ರ ಬಾಗಿಲ ಪಕ್ಕದ ಗೋಡೆಗೆ ಇದ್ದಿಲಿನಲ್ಲಿ ಬರೆಸಿದ್ದೀನಿ, ಕತ್ತಲಲ್ಲೂ ಓದುವಷ್ಟು ದಪ್ಪಕ್ಕೆ.